ಹತ್ತು ವರ್ಷ ಕಾಂಟೆಸ್ಸಾ, ಅದ್ರಲ್ಲಿ ಏಳು ವರ್ಷ ಸಿನಿಮಾ ಕಾರು: ಮಾರಿದ್ಮೇಲೆ ಬರೀತಿರೋ ರಿವ್ಯೂ

ಗಾಡಿ ಕೊಟ್ಟು ಮೂರು ತಿಂಗಳಾಯ್ತು, ಇನ್ನೂ ವಾರಕ್ಕೆರಡು ಫೋನ್ ಬರ್ತಾನೇ ಇದಾವೆ, "ಅಣ್ಣ ಆ ಕರೀ ಕಾರು ಐತಾ, ಕೊಟ್ಯಾ" ಅಂತ. ಕೊಟ್ಟೆ ಕಣಪ್ಪ. ಎಷ್ಟಕ್ಕೆ, ಯಾರಿಗೆ, ಯಾಕೆ ಅಷ್ಟು ಕಮ್ಮಿಗೆ, ಈ ಮೂರು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ಒಣಗಿದೆ, ಅದಕ್ಕೇ ಒಂದ್ಸಲ ಪೂರ್ತಿ ಬರೆದುಬಿಡ್ತೀನಿ. ಹಳೇ ಕಾರು ತಗೊಂಡು ಸಿನಿಮಾದಲ್ಲಿ ಬರೋ ಕಾರಿನ ಥರ ಮಾಡ್ಬೇಕು ಅನ್ನೋ ಹುಚ್ಚಿರೋ ಹುಡುಗರು ಓದ್ಕೊಳ್ಳಿ. ಮಾಡ್ಬೇಡಿ ಅಂತ ನಾನು ಹೇಳಲ್ಲ, ಹೇಳಿದ್ರೂ ಕೇಳಲ್ಲ ನೀವು, ನಾನೂ ಕೇಳಿರ್ಲಿಲ್ಲ.

ನಂದು ದಾವಣಗೆರೆ, ಹದಡಿ ರೋಡಲ್ಲಿ ಬೋರ್ ಮೋಟಾರ್ ರಿವೈಂಡಿಂಗ್ ಅಂಗಡಿ. 2015ರಲ್ಲಿ ಮಂಡಿಪೇಟೆ ಕಡೆ ಒಂದು ಗೋಡೌನ್ ಹಿಂದೆ ಈ ಕಾಂಟೆಸ್ಸಾ ನಿಂತಿತ್ತು, 1995 ಮಾಡೆಲ್, ಕ್ಲಾಸಿಕ್, 1.8 ಲೀಟರ್ ಇಸುಜು ಪೆಟ್ರೋಲ್ ಇಂಜಿನ್, ಐದು ಗೇರು, ಬಿಳಿ ಬಣ್ಣ, ಒಳಗೆ ಇಲಿ ಸಂಸಾರ. 72 ಸಾವಿರಕ್ಕೆ ಕೊಟ್ರು, ಆಗ ಆರ್‌ಸಿ ಅವಧಿ ಮುಗಿಯೋಕೆ ಬಂದಿತ್ತು, ಅದಕ್ಕೇ ಆ ರೇಟು. ಗೊತ್ತಿಲ್ದೋರಿಗೆ ಹೇಳ್ತೀನಿ, ಈ ಕಾರು ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಶುರು ಮಾಡಿ 2002ಕ್ಕೆ ನಿಲ್ಸಿದ್ದು, ಮೂಲ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್. ಶುರುವಲ್ಲಿ ಅಂಬಾಸಿಡರ್ ಇಂಜಿನ್ನೇ ಕೂರ್ಸಿದ್ರು, ಅಷ್ಟುದ್ದ ಬಾಡಿಗೆ ಆ ಇಂಜಿನ್ನು ಅಂದ್ರೆ ಹೇರು ತುಂಬಿದ ಬಂಡಿಗೆ ಕರು ಕಟ್ಟಿದಂಗೆ. ಇಸುಜು ಬಂದ್ಮೇಲೆ ಕಾರಿಗೆ ಜೀವ ಬಂತು. ತಗೊಳ್ಳೋದಾದ್ರೆ ಇಸುಜುನೇ ನೋಡಿ ತಗೊಳ್ಳಿ.

ಮೊದ್ಲ ಮೂರು ವರ್ಷ ನಾನು ಸಭ್ಯ ಮನುಷ್ಯನಾಗೇ ಇದ್ದೆ, ಬರೀ ರೆಸ್ಟೋರ್ ಮಾಡೋದು ಅಂತ. ಇಂಜಿನ್ ಕೆಲಸ ಚೆನ್ನಾಗಾಯ್ತು, ನಮ್ಮ ಮೇಸ್ತ್ರಿ ಕೈಗುಣ ಹಂಗಿದೆ. ರಿಂಗು, ಹೆಡ್ ಗ್ಯಾಸ್ಕೆಟ್ಟು, ಕಾರ್ಬುರೇಟರ್, ರೇಡಿಯೇಟರ್ ಕೋರ್ ಬದ್ಲಾಯ್ಸಿ, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗೋ ಹಂಗೆ ಮಾಡ್ಕೊಟ್ರು. ಬಾಡಿ ಕೆಲಸಕ್ಕೆ ಬೇರೆ ಕಡೆ ಬಿಟ್ಟೆ, ಹೆಸ್ರು ಬೇಡ. ಅಡ್ವಾನ್ಸ್ ಪೂರ್ತಿ ಕೊಟ್ಟಿದ್ದೇ ನನ್ನ ದಡ್ಡತನ, ಹನ್ನೊಂದು ತಿಂಗಳು ಇಟ್ಕೊಂಡ್ರು, ಒಂದು ಮಳೆಗಾಲ ಪೂರ್ತಿ ಕಾರು ಹೊರಗೇ ನೆನೀತು. ಎಡಗಡೆ ತುಕ್ಕು ಕೆತ್ತಿ ಹೊಸ ಶೀಟು ಹಾಕಿ ವೆಲ್ಡ್ ಮಾಡಿದ್ರು, ನಿಜವಾಗ್ಲೂ ಒಳ್ಳೆ ಕೆಲಸ. ಬಲಗಡೆಗೆ ಬರೋ ಹೊತ್ತಿಗೆ ಆ ಟಿಂಕರ್ ಹುಡುಗ ಬಿಟ್ಟೋಗಿದ್ದ, ತುಕ್ಕಿನ ಮೇಲೇ ಪುಟ್ಟಿ ಬಳಿದು ಪ್ರೈಮರ್ ಹೊಡೆದು ಕೊಟ್ರು. ನಂಗೆ ಇದು ಗೊತ್ತಾಗಿದ್ದು ಎಷ್ಟು ವರ್ಷ ಆದ್ಮೇಲೆ, ಹೆಂಗೆ, ಅದನ್ನ ಮುಂದೆ ಹೇಳ್ತೀನಿ.

ಪ್ರೈಮರಲ್ಲಿ ನಿಂತಿದ್ದ ಕಾರು ನೋಡಿ ನನ್ನ ಷಡ್ಡಕ ಒಂದಿನ ಅಂದ, "ಇದು ಆ ಮ್ಯಾಡ್ ಮ್ಯಾಕ್ಸ್ ಕಾರು ಇದ್ದಂಗೈತಲ್ಲೋ". ಅಷ್ಟೇ. ಅವನು ಟೀ ಕುಡಿದು ಹೋದ, ನಾನು ಏಳು ವರ್ಷ ಅನುಭವಿಸ್ದೆ.

ಆ ಕಾರು ಇರೋದು 1979ರ ಆಸ್ಟ್ರೇಲಿಯಾ ಸಿನಿಮಾದಲ್ಲಿ, 1973ರ ಫೋರ್ಡ್ ಫಾಲ್ಕನ್ ಎಕ್ಸ್‌ಬಿ ಜಿಟಿ, ಕಪ್ಪು ಬಣ್ಣ, 5.8 ಲೀಟರ್ ವಿ8 ಇಂಜಿನ್, ಬಾನೆಟ್ ಸೀಳ್ಕೊಂಡು ಮೇಲೆದ್ದಿರೋ ಸೂಪರ್‌ಚಾರ್ಜರು (ಇಂಜಿನ್ನಿಗೆ ಜಾಸ್ತಿ ಗಾಳಿ ತಳ್ಳಿ ಪವರ್ ಏರ್ಸೋ ಯಂತ್ರ), ಪಕ್ಕದಲ್ಲಿ ಸೈಲೆನ್ಸರ್ ಪೈಪುಗಳು. ಆಸ್ಟ್ರೇಲಿಯಾದ್ದು ಆಗಿದ್ರಿಂದ ಸ್ಟಿಯರಿಂಗ್ ನಮ್ಮಂಗೇ ಬಲಗಡೆ, ಅದೊಂದು ಅನುಕೂಲ. ಇನ್ನೊಂದು ಏನಂದ್ರೆ ಸಿನಿಮಾದಲ್ಲೂ ಆ ಸೂಪರ್‌ಚಾರ್ಜರ್ ಡಮ್ಮಿನೇ, ಶೋಗೆ ಇಟ್ಟಿದ್ದು. ಇದು ಗೊತ್ತಾದಾಗ ನಂಗೆ ಎಷ್ಟು ಧೈರ್ಯ ಬಂತು ಅಂದ್ರೆ, ಅವರೇ ಸುಳ್ಳು ಇಟ್ಟಿದ್ದಾರೆ, ನಮ್ದೇನು ಬಿಡು ಅಂತ. ಹರಿಹರದಲ್ಲಿ ಒಬ್ಬರ ಲೇತಲ್ಲಿ ಮಾಡ್ಸಿದೆ, ಮೈಸೂರು ಕಿರ್ಲೋಸ್ಕರ್ ಇದ್ದ ಊರು ಅದು, ಲೇತ್ ಕೆಲಸ ಕೈಯಲ್ಲೇ ಕೂತಿರೋ ಹಿರೀಕರು ಇನ್ನೂ ಇದಾರೆ. ಅಲ್ಯೂಮಿನಿಯಂ ಬಾಕ್ಸು, ಎರಡು ಪುಲ್ಲಿ, ಒಂದು ಬೆಲ್ಟು, ನಾಲ್ಕು ಬೋಲ್ಟು. ಮೋಟಾರ್ ಅಂಗಡಿಯವನಲ್ವಾ, ಒಳಗೆ ಸಣ್ಣ ಡಿಸಿ ಮೋಟಾರ್ ಇಟ್ಟು ಪುಲ್ಲಿ ತಿರುಗೋ ಹಂಗೂ ಮಾಡ್ದೆ. ಹುಡುಗ್ರು ಹುಚ್ಚೆದ್ದು ಹೋಗೋರು.

ಒಂದೇ ಒಂದು ಬುದ್ಧಿವಂತ ಕೆಲಸ ಆಗಿದ್ದು ನಮ್ಮ ಮೇಸ್ತ್ರಿಯಿಂದ. ಬಾನೆಟ್ ಕೊಯ್ಯೋಕೆ ಗ್ರೈಂಡರ್ ಎತ್ಕೊಂಡಿದ್ದೆ, ಅವರು ಕೈ ಹಿಡ್ಕೊಂಡು, "ತಮ್ಮಾ, ಗುಜರಿಯಿಂದ ಬೇರೆ ಬಾನೆಟ್ ತಂದು ಕೊಯ್ಯಿ. ಇದನ್ನ ಅಟ್ಟಕ್ಕೆ ಏರ್ಸು. ಬಿಚ್ಚಿದ್ದು ಒಂದು ಸ್ಕ್ರೂನೂ ಬಿಸಾಕ್ಬ್ಯಾಡ" ಅಂದ್ರು. ಬೈಕೊಂಡೇ ಮಾಡ್ದೆ. ಗ್ರಿಲ್ಲು, ವೀಲ್ ಕ್ಯಾಪು, ಬಾಗಿಲ ಹ್ಯಾಂಡಲ್ಲು, ಕ್ರೋಮ್ ಪಟ್ಟಿ, ಹಿಂದಿನ ಅಕ್ಷರಗಳು, ಎಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಅಂಗಡಿ ಅಟ್ಟದಲ್ಲಿ ಹಾಕಿದ್ದು.

ಹ್ಯಾಂಡಲ್ ಯಾಕೆ ಬಿಚ್ಚಿದ್ದು ಅಂದ್ರೆ ಸಿನಿಮಾ ಕಾರಿಗೆ ಎರಡೇ ಬಾಗಿಲು, ನಮ್ದಕ್ಕೆ ನಾಲ್ಕು. ಹಿಂದಿನ ಬಾಗಿಲು ಕಾಣಬಾರದು ಅಂತ ಹೊರಗಿನ ಹ್ಯಾಂಡಲ್ ತೆಗೆದು ತೂತು ಮುಚ್ಚಿ ಪೇಂಟ್ ಹೊಡೆದೆ, ಒಳಗಿಂದ ತೆಗೀಬಹುದಲ್ಲ ಅಂತ. ಒಂದು ಶ್ರಾವಣದಲ್ಲಿ ಹರಿಹರಕ್ಕೆ ಮದ್ವೆಗೆ ಹೋಗಿದ್ವಿ, ಅವ್ವ ಹಿಂದೆ ಕೂತಿದ್ಲು, ಛತ್ರದ ಮುಂದೆ ನಿಲ್ಸಿದೆ, ಒಳಗಿನ ಹಿಡಿ ಎಳೆದ್ರೆ ಕೊಕ್ಕೆ ಕಳಚಿ ಹಿಡಿ ಅವಳ ಕೈಗೇ ಬಂತು. ಆ ಕಡೆ ಬಾಗಿಲು ಮೊದ್ಲೇ ಜಾಮ್. ಹೊರಗೆ ಹಿಡ್ಕೊಳ್ಳೋಕೆ ಏನೂ ಇಲ್ಲ, ನಾನೇ ಮುಚ್ಚಿದ್ದಲ್ವಾ. ರೇಷ್ಮೆ ಸೀರೆ ಉಟ್ಕೊಂಡಿರೋ ಅರವತ್ತೆಂಟು ವರ್ಷದ ಹೆಂಗಸು ಮುಂದಿನ ಎರಡು ಸೀಟಿನ ಮಧ್ಯೆ ತೂರ್ಕೊಂಡು ಬರ್ಬೇಕು, ಸುತ್ತ ಹುಡುಗ್ರು ಸೂಪರ್‌ಚಾರ್ಜರ್ ಜೊತೆ ಸೆಲ್ಫಿ ತಗೋತಾ ಇದಾರೆ, ಒಳಗೆ ಗಟ್ಟಿಮೇಳ ಶುರುವಾಯ್ತು. ಅಕ್ಕಿಕಾಳು ಬಿದ್ದ ಮೇಲೆ ಒಳಗೆ ಹೋದ್ವಿ. ಅವತ್ತಿಂದ ಅವ್ವ ಆ ಕಾರು ಹತ್ತಲಿಲ್ಲ, ಆಯುಧಪೂಜೆಗೆ ಕುಂಬಳಕಾಯಿ ಒಡೆಯೋವಾಗ್ಲೂ ಅದರ ಕಡೆ ಮುಖ ತಿರುಗಿಸ್ಕೊಂಡೇ ನಿಲ್ಲೋಳು.

ಓಡ್ಸೋಕೆ ಹೆಂಗೆ ಅಂತ ಕೇಳಿದ್ರೆ, ಹೈವೇಲಿ ಚಿನ್ನ. ದುರ್ಗಕ್ಕೆ 60 ಕಿಲೋಮೀಟರ್, ಎಂಬತ್ತು ತೊಂಬತ್ತರಲ್ಲಿ ಮಂಚದ ಮೇಲೆ ಮಲಗಿದಂಗೆ ಹೋಗುತ್ತೆ, ಗುಡ್ಡದ ಮೇಲಿನ ಗಾಳಿ ಫ್ಯಾನ್ ಕಾಣೋ ಹೊತ್ತಿಗೆ ಇನ್ನೊಂದು ಐವತ್ತು ಹೋಗೋಣ ಅನ್ಸುತ್ತೆ. ಊರೊಳಗೆ ಯಾತನೆ. ಪವರ್ ಸ್ಟಿಯರಿಂಗ್ ಇಲ್ಲ, ಮಂಡಿಪೇಟೆಯಲ್ಲಿ ರಿವರ್ಸ್ ತಗೊಂಡ್ರೆ ಭುಜ ಬೀಳುತ್ತೆ. ಡಮ್ಮಿ ಬಾಕ್ಸ್ ಎದ್ರಿಗೇ ಇರೋದ್ರಿಂದ ಎಡಗಡೆ ಬರೋ ಆಟೋ ಕಾಣ್ಸಲ್ಲ. ಮೈಲೇಜು ಊರಲ್ಲಿ 7, ಹೊರಗೆ 10. ಮ್ಯಾಟ್ ಬ್ಲ್ಯಾಕ್ ಪೇಂಟ್ ಬಗ್ಗೆ ಒಂದು ಮಾತು: ನಮ್ಮ ಏಪ್ರಿಲ್ ಬಿಸಿಲಿಗೆ ಎಸಿ ಕೆಟ್ಟಿರೋ ಕಪ್ಪು ಕಾರು ಅಂದ್ರೆ ಮಂಡಕ್ಕಿ ಭಟ್ಟಿ. ಮ್ಯಾಟ್‌ಗೆ ಪಾಲಿಶ್ ಹಾಕಂಗಿಲ್ಲ, ಉಜ್ಜಿದ್ರೆ ಅಲ್ಲಷ್ಟೇ ಮಿಂಚುತ್ತೆ, ಮೆಣಸಿನಕಾಯಿ ತಿಂದ ಕೈಲಿ ಯಾರಾದ್ರೂ ಮುಟ್ಟಿದ್ರೆ ಆ ಬೆರಳಚ್ಚು ಪರ್ಮನೆಂಟ್.

ಈಗ ಕಾನೂನಿನ ವಿಷ್ಯ, ಇದನ್ನ ಎಲ್ರೂ ಕೊನೇಲಿ ನೋಡ್ತಾರೆ, ನಾನೂ ಅಷ್ಟೇ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಕಂಪನಿ ಮಾಡಿದ ರೂಪಕ್ಕಿಂತ ಬೇರೆ ಥರ ಬದಲಾಯ್ಸಂಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳ್ತು. ಬಣ್ಣ ಬದ್ಲಾಯ್ಸಿದ್ದನ್ನ ಆರ್‌ಸಿಗೆ ಎಂಟ್ರಿ ಮಾಡ್ಸಿದ್ದೆ, ಉಳಿದಿದ್ದಕ್ಕೆ ಯಾವ ಎಂಟ್ರಿನೂ ಇಲ್ಲ. ಅಂದ್ರೆ ಏಳು ವರ್ಷ ನಾನು ಕಳ್ಳನ ಥರಾನೇ ಓಡಾಡಿದ್ದು, ತಪ್ಪು ನಂದೇ. ವಿಂಟೇಜ್ ಅಂತ ಮಾಡ್ಸೋಣ ಅಂದ್ರೆ 2021ರ ನಿಯಮದಲ್ಲಿ ಕನಿಷ್ಠ 50 ವರ್ಷ ಆಗಿರ್ಬೇಕು, ಚಾಸಿ, ಬಾಡಿ, ಇಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ನಮ್ದು ಎರಡರಲ್ಲೂ ಫೇಲು. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಂದ್ಸಲ ಆರ್‌ಸಿ ರಿನ್ಯೂವಲ್, 2022ರ ಏಪ್ರಿಲಿಂದ ಅದರ ಫೀಸು 600 ಇದ್ದಿದ್ದು 5000 ಆಯ್ತು. 2025ರ ಶುರುವಲ್ಲಿ ನಂದು ಮತ್ತೆ ಬರೋದಿತ್ತು. ಅದಕ್ಕೂ ಒಂದು ವರ್ಷ ಮುಂಚೆನೇ ಲೆಕ್ಕ ಹಾಕಿದೆ. ರೆಸ್ಟೋರ್‌ಗೆ 3 ಲಕ್ಷ 90 ಸಾವಿರ, ಸಿನಿಮಾ ವೇಷಕ್ಕೆ 1 ಲಕ್ಷ 15 ಸಾವಿರ. ಬಿಲ್ಲುಗಳು ಮನೆಯವಳ ಕಣ್ಣಿಗೆ ಬೀಳೋಕ್ಮುಂಚೆ ಮಾರೋದು ಒಳ್ಳೇದು ಅನ್ನಿಸ್ತು.

2024ರ ಜನವರಿಯಲ್ಲಿ ಆನ್‌ಲೈನ್ ಜಾಹೀರಾತು ಹಾಕಿದೆ, ಕುಂದುವಾಡ ಕೆರೆ ಏರಿ ಹತ್ರ ಸಂಜೆ ಬಿಸಿಲಲ್ಲಿ ತೆಗೆದ ಫೋಟೋ, ಆರೂವರೆ ಲಕ್ಷ ಅಂತ. ಮೊದ್ಲ ದಿನವೇ ನಲವತ್ತು ಫೋನು, ನಾನು ಆಗ್ಲೇ ಹೊಸ ಕಾರು ನೋಡೋಕೆ ಶುರು ಮಾಡಿದ್ದೆ. ಆದ್ರೆ ಫೋನು ಮಾಡಿದವರಲ್ಲಿ ತಗೊಳ್ಳೋರು ಯಾರೂ ಇಲ್ಲ! ಪ್ರೀ ವೆಡ್ಡಿಂಗ್ ಶೂಟಿಗೆ ಬಾಡಿಗೆ ಕೊಡ್ತೀರಾ ಅನ್ನೋರು, ರೀಲ್ಸ್ ಮಾಡ್ಕೊಂಡು ಹೋಗ್ತೀವಿ ಅನ್ನೋ ಕಾಲೇಜು ಹುಡುಗ್ರು, "ಜೊತೆ ಎತ್ತು ಕೊಡ್ತೀನಿ, ಮ್ಯಾಲೆ ಐವತ್ತು ಸಾವ್ರ" ಅಂದ ಜಗಳೂರು ಕಡೆಯವರೊಬ್ರು. ಎತ್ತು ಚೆನ್ನಾಗಿದ್ವು, ಈಗ ಯೋಚಿಸಿದ್ರೆ ಅದೇ ಒಳ್ಳೆ ಡೀಲು. ಮಿಲಿಟರಿಯಲ್ಲಿದೀನಿ, ನೋಡದೇ ತಗೋತೀನಿ, ಅಡ್ವಾನ್ಸ್ ಕಳಿಸ್ತೀನಿ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತ ಮೂರು ಜನ. ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಪಿನ್ ಹಾಕಿದ್ರೆ ಹೋಗೋದೇ.

ನಿಜವಾದ ಗಿರಾಕಿ ಮೊದ್ಲು ಬಂದಿದ್ದು ಐದನೇ ತಿಂಗಳಲ್ಲಿ, ಬೆಂಗಳೂರಿಂದ. ಬೆಣ್ಣೆ ದೋಸೆ ತಿನ್ಸಿದೆ, ಖುಷಿಯಲ್ಲಿದ್ರು. ಕಾರ್ ಹತ್ರ ಬಂದು ಜೇಬಿಂದ ಬಟ್ಟೆ ಸುತ್ತಿದ ಒಂದು ಮ್ಯಾಗ್ನೆಟ್ ತೆಗೆದ್ರು. ಎಡಗಡೆ ಬಾಗಿಲು, ಫೆಂಡರು, ಎಲ್ಲ ಕಡೆ ಟಪ್ ಟಪ್ ಅಂತ ಹಿಡ್ಕೊಳ್ತು. ಬಲಗಡೆ ಚಕ್ರದ ಮೇಲೆ ಇಟ್ರು, ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಕಡೆ, ಮತ್ತೆ ಬಿತ್ತು. ಪುಟ್ಟಿ ಮೇಲೆ ಮ್ಯಾಗ್ನೆಟ್ ನಿಲ್ಲಲ್ಲ ಅಂತ ನಂಗೂ ಗೊತ್ತು, ಮೋಟಾರ್ ಅಂಗಡಿ ತುಂಬ ಮ್ಯಾಗ್ನೆಟ್ಟೇ ಇರೋದು, ಹತ್ತು ವರ್ಷದಲ್ಲಿ ಒಂದಿನ ಇಟ್ಟು ನೋಡಿರ್ಲಿಲ್ಲ. ಅವರು ಏನೂ ಬೈಲಿಲ್ಲ, ಡಮ್ಮಿ ಬಾಕ್ಸ್ ಕಡೆ ಕೈ ತೋರ್ಸಿ "ಇದನ್ನ ತೆಗೆಯೋಕೆ ಎಷ್ಟಾಗುತ್ತೆ" ಅಂದ್ರು. ನಾನು ಅದಕ್ಕೇ ಲಕ್ಷ ಸೇರ್ಸಿ ರೇಟು ಹೇಳಿದ್ದೆ, ಅವರು ತೆಗೆಯೋ ಖರ್ಚನ್ನ ಕಳೀತಾ ಇದಾರೆ. ಆಮೇಲೆ ಬಂದ ನಾಲ್ಕು ಜನಾನೂ ಹೆಚ್ಚು ಕಮ್ಮಿ ಇದೇ ಲೆಕ್ಕ. ಸಿನಿಮಾ ಕಾರು ಬೇಕು ಅನ್ನೋರ ಹತ್ರ ದುಡ್ಡಿಲ್ಲ, ದುಡ್ಡಿರೋರಿಗೆ ಬಿಳಿ ಕಾಂಟೆಸ್ಸಾ ಬೇಕು.

ರಿನ್ಯೂವಲ್ ಹತ್ರ ಬಂತಲ್ಲ, ವೇಷ ಬಿಚ್ಚದೇ ವಿಧಿ ಇರ್ಲಿಲ್ಲ. ಮೇಸ್ತ್ರಿ ಜೊತೆ ಎರಡು ಭಾನುವಾರ ಕೂತು ಬಾಕ್ಸು, ಪೈಪು ಬಿಚ್ಚಿ, ಅಟ್ಟದ ಬಾನೆಟ್ ಇಳ್ಸಿ ಹಾಕಿ, ಹಿಂದಿನ ಬಾಗಿಲಿಗೆ ಹ್ಯಾಂಡಲ್ ಕೂರ್ಸಿ, ಆರ್‌ಸಿ ಮಾಡಿಸ್ಕೊಂಡೆ. ಜಾಹೀರಾತಿಗೆ ಹೊಸ ಫೋಟೋ ಹಾಕಿ, ರೇಟು ಎರಡೂವರೆಗೆ ಇಳ್ಸಿ, ಬಲಗಡೆ ಪುಟ್ಟಿ ಇದೆ ಅಂತ ನಾನೇ ಬರೆದೆ. ಕೆಳಗಡೆ ಒಂದು ಸಾಲು ಸೇರ್ಸಿದ್ದೆ, ಒರಿಜಿನಲ್ ಪಾರ್ಟ್ಸ್ ಒಂದು ಚೀಲ ಇದೆ ಅಂತ.

ಆ ಸಾಲು ನೋಡಿ ಬಂದೋರು ಚಿತ್ರದುರ್ಗದವರು, ನನಗಿಂತ ಸ್ವಲ್ಪ ದೊಡ್ಡೋರು. ಅವರ ತಂದೆ ಮೈನ್ಸ್ ಓನರ್ ಒಬ್ಬರ ಹತ್ರ ಬಿಳಿ ಕಾಂಟೆಸ್ಸಾ ಓಡಿಸ್ತಿದ್ರಂತೆ, ಶಾಲೆ ಮುಂದೆ ಕಾರು ಹಾದುಹೋದ್ರೆ ಇವರು ಕಿಟಕಿಯಿಂದ ನೋಡೋರಂತೆ, ಒಳಗೆ ಕೂತಿದ್ದು ಒಂದೇ ಸಲ. ಕಾರನ್ನ ಐದು ನಿಮಿಷ ನೋಡಿದ್ರು, ಚೀಲ ಬಿಚ್ಚಿ ಅರ್ಧ ಗಂಟೆ ಕೂತ್ರು. ವೀಲ್ ಕ್ಯಾಪ್ ನಾಲ್ಕೂ ಇದಾವಾ ಅಂತ ಎಣಿಸಿದ್ರು, ಹಿಂದಿನ ಅಕ್ಷರಗಳನ್ನ ಅಂಗಡಿ ನೆಲದ ಮೇಲೆ ಒಂದೊಂದಾಗಿ ಜೋಡ್ಸಿದ್ರು, ಒಂದು ಅಕ್ಷರ ಕಮ್ಮಿ ಬಂತು, ಮತ್ತೆ ಚೀಲ ಕೊಡವಿ ಹುಡುಕಿದ್ರೆ ಮೂಲೆಯಲ್ಲಿ ಸಿಕ್ತು. ಆಗ ನಕ್ಕರು. ಇಷ್ಟೆಲ್ಲಾ ಆದ್ಮೇಲೆ ಭಾವನೆಗೆ ಸೋತು ಕೇಳಿದಷ್ಟು ಕೊಡ್ತಾರೆ ಅಂತ ನಾನು ಅಂದ್ಕೊಂಡ್ರೆ, "ಅಣ್ಣಾರ, ಬಲಗಡೆ ಶೀಟ್ ಕೆಲ್ಸಕ್ಕೆ ಹದಿನೈದು ಸಾವ್ರ ಬಿಡ್ರಿ" ಅಂತ ಚೌಕಾಸಿ ಮಾಡಿ 2 ಲಕ್ಷ 35 ಸಾವಿರಕ್ಕೆ ಮುಗ್ಸಿದ್ರು. ದುಡ್ಡು ಬ್ಯಾಂಕಿಗೇ ಹಾಕಿಸ್ಕೊಂಡೆ, ಫಾರಂ 29, 30ಕ್ಕೆ ಸಹಿ ಮಾಡಿ ಹೆಸರು ವರ್ಗಾವಣೆ ಆಗೋವರೆಗೂ ಕಾರು ನನ್ನ ಶೆಡ್ಡಲ್ಲೇ ಇತ್ತು, ಅವರು ಸ್ವಲ್ಪ ಬೇಜಾರು ಮಾಡ್ಕೊಂಡ್ರು. ಮಾಡ್ಕೊಳ್ಳಲಿ. ಆರ್‌ಸಿಯಲ್ಲಿ ಯಾರ ಹೆಸ್ರಿದೆಯೋ ಆಕ್ಸಿಡೆಂಟ್ ಪರಿಹಾರಕ್ಕೆ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ಕೆಎ-17 ದಾಟಿ ಕೆಎ-16ಕ್ಕೆ ಹೋಗೋ ದಾರೀಲಿ ಏನಾದ್ರೂ ಆದ್ರೆ ಬರೋದು ನನ್ನ ಕುತ್ತಿಗೆಗೆ.

ಕಾಂಟೆಸ್ಸಾಗೆ ಐದಕ್ಕೆ ನಾಲ್ಕು. ವೇಷಕ್ಕೆ ಒಂದು, ಅದೂ ಪುಲ್ಲಿ ತಿರುಗ್ತಿತ್ತು ಅಂತ. ಬಾಡಿ ಕೆಲಸದವರಿಗೆ ಎಡಗಡೆಗೆ ಐದು, ಬಲಗಡೆಗೆ ಸೊನ್ನೆ.

ಡಮ್ಮಿ ಬಾಕ್ಸನ್ನ ಫ್ರೀ ಕೊಡ್ತೀನಿ ಅಂದ್ರೂ ಕಾರು ತಗೊಂಡ ಚಿತ್ರದುರ್ಗದವರು ತಗೊಂಡು ಹೋಗ್ಲಿಲ್ಲ. ಅಂಗಡಿ ಬಾಗಿಲಲ್ಲಿ ಇದೆ, ಅದರ ಮೇಲೆ ಕೂತ್ಕೊಂಡು ಗಿರಾಕಿಗಳು ಟೀ ಕುಡೀತಾರೆ. ಯಾರಿಗಾದ್ರೂ ಬೇಕಿದ್ರೆ 1500 ಕೊಟ್ಟು ಎತ್ಕೊಂಡು ಹೋಗಿ, ಮೋಟಾರು, ಬೆಲ್ಟು, ನಾಲ್ಕು ಬೋಲ್ಟು ಎಲ್ಲ ಸೇರಿ. ಕೊಯ್ದಿರೋ ಬಾನೆಟ್ಟೂ ಇದೆ.