ಎವರ್ಲಿ ಬ್ರದರ್ಸ್ ಆಲ್ಬಮ್ 'ಸಾಂಗ್ಸ್ ಅವರ್ ಡ್ಯಾಡಿ ಟಾಟ್ ಅಸ್': ಕುಣಿಯೋಕೆ ಅಲ್ಲ, ಕೂತು ಕೇಳೋಕೆ

ಇವರದೇ ಹಿಟ್ 'ವೇಕ್ ಅಪ್ ಲಿಟಲ್ ಸೂಸಿ' ಥರ ಕುಣಿಸುವ ರಾಕಬಿಲಿ (ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಕ್ ಬೆರೆಸಿದ ಶೈಲಿ) ಬೇಕು ಅಂತ ಈ ಆಲ್ಬಮ್ ಹಾಕಿದರೆ ನಿರಾಸೆ ಗ್ಯಾರಂಟಿ. ಇದರಲ್ಲಿ ಡ್ರಮ್ಸೇ ಇಲ್ಲ. 1958ರಲ್ಲಿ ಅಮೆರಿಕದ ಈ ಅಣ್ಣ ತಮ್ಮ, ಡಾನ್ ಮತ್ತು ಫಿಲ್ ಎವರ್ಲಿ, ಹಿಟ್ ಮೇಲೆ ಹಿಟ್ ಕೊಡುತ್ತಿದ್ದರು. ಅಂಥ ಹೊತ್ತಲ್ಲಿ ಅಪ್ಪ ಐಕ್ ಹೇಳಿಕೊಟ್ಟ ಹಳೇ ಕಂಟ್ರಿ ಹಾಡುಗಳನ್ನೇ ಆರಿಸಿ ರೆಕಾರ್ಡ್ ಮಾಡಿದ್ದಾರೆ, ಧೈರ್ಯ ಅಂದ್ರೆ ಇದು ಅಲ್ವಾ? ಐಕ್ ಕೆಂಟಕಿಯ ಕಲ್ಲಿದ್ದಲು ಗಣಿಯಲ್ಲಿ ದುಡಿದವರು, ಒಳ್ಳೇ ಗಿಟಾರ್ ಕೈ. ಮಕ್ಕಳು ಚಿಕ್ಕವರಿದ್ದಾಗಲೇ ಮನೆಮಂದಿಯೆಲ್ಲ ರೇಡಿಯೋದಲ್ಲಿ ಹಾಡುತ್ತಿದ್ದರು.

12 ಹಾಡು. ಅಕೌಸ್ಟಿಕ್ ಗಿಟಾರ್, ಒಂದು ಬಾಸ್, ಅಣ್ಣ ತಮ್ಮನ ದನಿ, ಅಷ್ಟೇ.

'ಡೌನ್ ಇನ್ ದ ವಿಲೋ ಗಾರ್ಡನ್' ಕೇಳಿ. ಪ್ರೀತಿಸಿದ ಹುಡುಗಿಗೆ ವೈನಿನಲ್ಲಿ ವಿಷ ಕೊಟ್ಟು, ಇರಿದು, ಹೊಳೆಗೆ ಎಸೆದವನು ತಾನೇ ಹೇಳುವ ಕಥೆ. ದುಡ್ಡು ಕೊಟ್ಟರೆ ಬಿಡುಗಡೆ ಆಗುತ್ತೆ ಅಂದಿದ್ದ ಅಪ್ಪ, ಕೊನೆಗೆ ಮನೆ ಬಾಗಿಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಾನೆ, ಮಗ ಗಲ್ಲುಗಂಬದ ಮೇಲಿದ್ದಾನೆ. ಇಷ್ಟೆಲ್ಲ ಹೇಳುವಾಗ ಇವರಿಬ್ಬರ ದನಿ ಒಂಚೂರೂ ಏರುವುದಿಲ್ಲ, ಗದ್ಗದ ಇಲ್ಲ, ನಾಟಕ ಇಲ್ಲ. ಡಾನ್ ಕೆಳಗೆ, ಫಿಲ್ ಮೇಲೆ, ಮಗು ಮಲಗಿಸುವವರ ಹಾಗೆ ಮೆತ್ತಗೆ ಹಾಡುತ್ತಾ ಹೋಗುತ್ತಾರೆ. ಮೈ ಜುಮ್ಮೆನ್ನುವುದು ಅದಕ್ಕೇ.

'ಪುಟ್ ಮೈ ಲಿಟಲ್ ಶೂಸ್ ಅವೇ'ನಲ್ಲಿ ಸಾಯುತ್ತಿರುವ ಮಗು ಅಮ್ಮನಿಗೆ ತನ್ನ ಶೂ ಎತ್ತಿಡು, ಮನೆಯ ಚಿಕ್ಕ ಪಾಪು ದೊಡ್ಡದಾದ ಮೇಲೆ ಅದಕ್ಕೆ ಕೊಡು ಅನ್ನುತ್ತದೆ. ಸುಮ್ನೆ ಓದಿದರೆ ಕಣ್ಣೀರು ಹಿಂಡುವ ಹುನ್ನಾರ ಅನಿಸುತ್ತೆ, ಇವರ ಬಾಯಲ್ಲಿ ಕೇಳಿದರೆ ಹಾಗನ್ನಿಸಲ್ಲ. ಆದರೆ 'ಲೈಟ್ನಿಂಗ್ ಎಕ್ಸ್‌ಪ್ರೆಸ್' ನನಗೆ ಸ್ವಲ್ಪ ಜಾಸ್ತಿಯಾಯಿತು. ಟಿಕೆಟ್ ಇಲ್ಲದ ಹುಡುಗ, ಸಾಯುವ ಸ್ಥಿತಿಯಲ್ಲಿರುವ ಅಮ್ಮ, ಕೆಳಗಿಳಿ ಅನ್ನುವ ಕಂಡಕ್ಟರ್, ರೈಲು ಮಾತ್ರ ಊರು ಮುಟ್ಟುವುದೇ ಇಲ್ಲ!

ಇನ್ನೊಂದು ದೂರು, ಹೆಚ್ಚುಕಡಿಮೆ ಎಲ್ಲ ಹಾಡೂ ಒಂದೇ ನಿಧಾನ ಗತಿ. ಒಂದೇ ಸಲ ಪೂರ್ತಿ ಕೇಳಿದರೆ ಕೊನೆಕೊನೆಗೆ ಯಾವುದು ಯಾವ ಹಾಡು ಅಂತಲೇ ಗೊತ್ತಾಗಲ್ಲ. ಎಲ್‌ಪಿಯ ಒಂದು ಬದಿ ಕೇಳಿ, ನಿಲ್ಲಿಸಿ, ಇನ್ನೊಂದು ಬದಿ ಬೇರೆ ದಿನ ಹಾಕಿ.

2013ರಲ್ಲಿ ಗ್ರೀನ್ ಡೇ ಅನ್ನೋ ರಾಕ್ ಬ್ಯಾಂಡಿನ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಗಾಯಕಿ ನೋರಾ ಜೋನ್ಸ್ ಸೇರಿ ಈ ಹಾಡುಗಳನ್ನೆಲ್ಲ 'ಫಾರೆವರ್ಲಿ' ಅಂತ ಮತ್ತೆ ಹಾಡಿದ್ದಾರೆ. ಚೆನ್ನಾಗಿದೆ, ಆದರೂ ಮೊದಲು ಮೂಲ ಕೇಳಿ. ಮೊದಲ ಹಾಡಿನಿಂದಲೇ ಶುರು ಮಾಡಬೇಕು ಅಂತೇನಿಲ್ಲ. 'ಓ ಸೋ ಮೆನಿ ಇಯರ್ಸ್' ಹಾಕಿ ನೋಡಿ, ಅದು ಹಿಡಿಸದಿದ್ದರೆ ಮಿಕ್ಕಿದ್ದೂ ಹಿಡಿಸಲಿಕ್ಕಿಲ್ಲ.