ಬೆಂಗಳೂರಿನ ಸ್ಟುಡಿಯೋ, ಗೋಕರ್ಣದ ಮರಳು, ಹೊನ್ನಾವರದ ಚಂಡೆ: ಕುಣಿಯೋಕೆ ಎಲ್ಲಿಗೆ ಹೋಗಬೇಕು?

ಕಂಟೆಂಪರರಿ ಡಾನ್ಸ್, ಅಂದರೆ ಹೊಸ ನೃತ್ಯ, ಕಲಿಯಬೇಕು ಅನ್ನುವವರು ನಮ್ಮ ಶಿರಸಿ ಕಡೆಯೂ ಈಗ ಸಿಗುತ್ತಾರೆ. ಅವರ ಮುಂದೆ ಮೂರು ದಾರಿ ಇವೆ. ಬೆಂಗಳೂರಿನ ನೃತ್ಯೋತ್ಸವಗಳ ಜೊತೆ ನಡೆಯುವ ಕಾರ್ಯಾಗಾರ ಒಂದು. ಚಳಿಗಾಲದಲ್ಲಿ ಗೋಕರ್ಣದ ಕಡಲ ಬದಿ ನಡೆಯುವ ಡಾನ್ಸ್ ಹಬ್ಬ ಇನ್ನೊಂದು. ಮತ್ತೊಂದು, ಹೊನ್ನಾವರ ಕಡೆಯ ಬೇಸಿಗೆ ಯಕ್ಷಗಾನ ಶಿಬಿರ. ಮೂರರಲ್ಲೂ ಬೆವರು ಸುರಿಸಿದ್ದೇನೆ. ಒಳ್ಳೆಯ ಗುರು ಮೂರು ಕಡೆಯೂ ಸಿಕ್ಕರು. ವ್ಯತ್ಯಾಸ ಇರೋದು ಪಾಠ ಮುಗಿದ ಮೇಲೆ ಯಾರು ಜೊತೆಗಿರುತ್ತಾರೆ ಅನ್ನೋದರಲ್ಲಿ.

ಬರೀ ಪಾಠ ನೋಡಿದರೆ ಬೆಂಗಳೂರು ಮುಂದೆ, ಅದರಲ್ಲಿ ಎರಡು ಮಾತಿಲ್ಲ. 1992ರಲ್ಲಿ ಶುರುವಾದ ಅಟ್ಟಕ್ಕಳರಿ ಅನ್ನೋ ನೃತ್ಯ ಸಂಸ್ಥೆ ಆ ಊರಿನದೇ. ಕೇರಳದ ಕಳರಿಪಯಟ್ಟಿನಂಥ ನಮ್ಮ ಮೈ-ವಿದ್ಯೆಯನ್ನು ಹೊಸ ನೃತ್ಯದ ತರಬೇತಿಯೊಳಗೆ ತಂದವರಲ್ಲಿ ಅವರೂ ಇದ್ದಾರೆ. ನಾನು ಹೋಗಿದ್ದು ಅಲ್ಲಿಗಲ್ಲ, ಬೇರೊಂದು ಚಿಕ್ಕ ಉತ್ಸವಕ್ಕೆ. ಆದರೂ ಆ ಊರಿನಲ್ಲಿ ಪಳಗಿದ ಶಿಕ್ಷಕರು ಎಷ್ಟಿದ್ದಾರೆ ಅಂತ ಮೊದಲ ತರಗತಿಯಲ್ಲೇ ಗೊತ್ತಾಯಿತು. ಮೊದಲು ಕಲಿಸಿದ್ದೇ ಬೀಳೋದನ್ನು. ಮಂಡಿ ಚಿಪ್ಪು ನೆಲಕ್ಕೆ ತಾಗಬಾರದು. ಕಾಲಿನ ಹೊರ ಬದಿ, ತೊಡೆ, ಸೊಂಟದ ಪಕ್ಕ, ಬೆನ್ನು, ಹೀಗೆ ಒಂದಾದ ಮೇಲೊಂದು ನೆಲಕ್ಕೆ ಇಳಿಯಬೇಕು. ಕೆಳಗೆ ಮರದ ನೆಲ, ಅದರ ಮೇಲೆ ಡಾನ್ಸ್ ಮ್ಯಾಟ್. ಎಷ್ಟು ಸಲ ಬಿದ್ದರೂ ಮಾರನೇ ದಿನ ಎದ್ದು ಓಡಾಡಬಹುದು.

ತರಗತಿ ಮುಗೀತು ಅಂದರೆ ಮಾತ್ರ ಎಲ್ಲರೂ ಬ್ಯಾಗ್ ಎತ್ತಿಕೊಂಡು ಮೆಟ್ರೋ ಕಡೆ. ಉಳಿಯೋಕೆ ಜಾಗ ನಾವೇ ನೋಡಿಕೊಳ್ಳಬೇಕು. ಸಂಜೆ ಟಿಕೆಟ್ ಮೇಜಿನಲ್ಲಿ ಕೂತರೆ ಶುಲ್ಕದಲ್ಲಿ ರಿಯಾಯಿತಿ ಇತ್ತು. ಅದನ್ನು ಅವರು ಎಲ್ಲೂ ಬರೆದಿರಲಿಲ್ಲ, ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಸಿಕ್ಕಿತು. ವಾಟ್ಸ್ಯಾಪ್ ಗುಂಪು ತಿಂಗಳೊಳಗೆ ಬರೀ ಜಾಹೀರಾತಿನ ಗೋಡೆಯಾಯಿತು. ಹೋಗಿ ಬರೋದು ಕರಾವಳಿಯವರಿಗೆ ಸುಲಭ. ಕಾರವಾರದಿಂದಲೋ ಕುಮಟಾದಿಂದಲೋ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಶಿರಸಿಗೆ ರೈಲೇ ಇಲ್ಲ, ರಾತ್ರಿ ಬಸ್ಸೇ ಗತಿ.

ಗೋಕರ್ಣದ್ದು ಪೂರ್ತಿ ಬೇರೆ ಲೋಕ. ಅಲ್ಲಿ ಹೆಚ್ಚಾಗಿ ಮಾಡಿಸೋದು ಕಾಂಟ್ಯಾಕ್ಟ್ ಇಂಪ್ರೊವೈಸೇಶನ್. 1972ರಲ್ಲಿ ಅಮೆರಿಕದಲ್ಲಿ ಸ್ಟೀವ್ ಪ್ಯಾಕ್ಸ್ಟನ್ ಶುರು ಮಾಡಿದ ಪದ್ಧತಿ. ಹೆಜ್ಜೆ ಮೊದಲೇ ಗೊತ್ತಿರೋದಿಲ್ಲ. ಇಬ್ಬರ ಮೈ ತಾಗಿದ ಜಾಗದಿಂದಲೇ ಕುಣಿತ ಹುಟ್ಟಬೇಕು. ಬೆನ್ನಿಗೆ ಬೆನ್ನು ಕೊಟ್ಟು ನಿಂತು, ನಮ್ಮ ಭಾರ ಸ್ವಲ್ಪ ಸ್ವಲ್ಪವೇ ಆ ಕಡೆ ಬಿಡಬೇಕು. ಆ ಕಡೆಯವರು ತಳ್ಳಲೂಬಾರದು, ಕುಸಿಯಲೂಬಾರದು. ನಮ್ಮ ಊರಿನಲ್ಲಿ ಬೆಳೆದವರಿಗೆ ಇದು ಸುಲಭ ಅಲ್ಲ. ಪರಿಚಯ ಇಲ್ಲದವರ ಮೈ ಮುಟ್ಟೋದು ಅಂದರೆ ಸುಮ್ನೆ ಮಾತಾ?

ಹಬ್ಬದವರು ಇದನ್ನು ಮೊದಲೇ ಯೋಚಿಸಿದ್ದರು. ಮೊದಲ ದಿನ ಎಲ್ಲರನ್ನೂ ಸುತ್ತ ಕೂರಿಸಿ ನಿಯಮ ಹೇಳಿದರು. ಯಾವಾಗ ಬೇಕಾದರೂ ಬೇಡ ಅನ್ನಬಹುದು, ಕಾರಣ ಕೊಡಬೇಕಿಲ್ಲ. ಅಂಚಿನಲ್ಲಿ ಕೂತು ನೋಡುವವರನ್ನು ಯಾರೂ ಎಳೆಯಬಾರದು. ತೋಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡ ಇಬ್ಬರನ್ನು ತೋರಿಸಿ, ಏನೇ ಕಿರಿಕಿರಿಯಾದರೂ ಇವರಿಗೆ ಹೇಳಿ ಅಂದರು. ಬರೀ ಬಾಯಿಮಾತಲ್ಲ. ಒಬ್ಬ ಹುಡುಗಿ ಹೋಗಿ ಒಬ್ಬನ ಬಗ್ಗೆ ಹೇಳಿದಳು. ಮರುದಿನದಿಂದ ಆ ಮನುಷ್ಯ ಸಂಜೆಯ ಜ್ಯಾಮ್‌ನಲ್ಲಿ, ಅಂದರೆ ಎಲ್ಲರೂ ಸೇರಿ ಕುಣಿಯುವ ಹೊತ್ತಿನಲ್ಲಿ, ಕಾಣಲಿಲ್ಲ. ಇಂಥ ವ್ಯವಸ್ಥೆ ಉಳಿದ ಎರಡು ಕಡೆ ಇರಲಿಲ್ಲ. ನನ್ನ ಲೆಕ್ಕದಲ್ಲಿ ಗೋಕರ್ಣಕ್ಕೆ ದೊಡ್ಡ ಅಂಕ ಸಿಗೋದು ಇದಕ್ಕೇ.

ಬೆಳಗಿನ ಪಾಠ ಮರಳಿನ ಮೇಲೆ. ಹಾರಿ ಇಳಿದರೆ ಮಂಡಿಗೆ ಪೆಟ್ಟು ಕಡಿಮೆ, ಆದರೆ ಮೀನಖಂಡ ಹಿಡಿದುಕೊಳ್ಳುತ್ತೆ. ಮೂರರಲ್ಲಿ ದುಬಾರಿ ಇದೇ. ಊಟದ ಜೊತೆ ಲೆಕ್ಕ ಹಾಕಿದರೆ ಇನ್ನೂ ಜಾಸ್ತಿ. ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಎಲ್ಲ ಮಾತು ಇಂಗ್ಲಿಷಿನಲ್ಲಿ. ಕನ್ನಡ ಕೇಳಿದ್ದು ಅಡುಗೆಮನೆಯಲ್ಲಿ ಮಾತ್ರ. ಪಕ್ಕದ ಅಂಕೋಲೆ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಇದೆ. ತುರಾಯಿ ಕಟ್ಟಿಕೊಂಡು, ಗುಮಟೆ ಅನ್ನೋ ಮಣ್ಣಿನ ವಾದ್ಯದ ತಾಳಕ್ಕೆ ಸುತ್ತು ಹಾಕಿ ಕುಣಿಯುವವರು. ಒಂದು ಸಂಜೆ ಅವರನ್ನು ಕರೆದು, ಗೌರವಧನ ಕೊಟ್ಟು, ಅವರಿಂದ ಕಲಿಯೋಣ ಅಂತ ಯಾರಿಗೂ ಹೊಳೆಯಲಿಲ್ಲ. ಸಮುದಾಯ ಅನ್ನೋ ಮಾತು ಮಾತ್ರ ದಿನಕ್ಕೆ ಹತ್ತು ಸಲ ಕೇಳಿಸುತ್ತಿತ್ತು.

ಇನ್ನು ಹೊನ್ನಾವರ. ಯಕ್ಷಗಾನಕ್ಕೂ ಹೊಸ ನೃತ್ಯಕ್ಕೂ ಏನು ಸಂಬಂಧ ಅನ್ನುವವರು ಹೊನ್ನಾವರ ಹತ್ತಿರದ ಗುಣವಂತೆಯನ್ನು ನೆನೆಸಿಕೊಳ್ಳಲಿ. ಅಲ್ಲಿ 1986ರಲ್ಲಿ ಶ್ರೀಮಯ ಕಲಾಕೇಂದ್ರ ಕಟ್ಟಿದ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು ಕಥಕ್ ಕಲಾವಿದೆ ಮಾಯಾ ರಾವ್ ಅವರ ಬಳಿ ಕೊರಿಯೋಗ್ರಫಿ ಕಲಿತವರು. ನಾನು ಹೋದ ಶಿಬಿರ ಅದಲ್ಲ, ಒಂದು ದೇವಸ್ಥಾನದ ಸಭಾಭವನದಲ್ಲಿ ನಡೆದದ್ದು. ಸ್ಟುಡಿಯೋದಲ್ಲಿ ಎಲ್ಲವೂ ಎಂಟರ ಲೆಕ್ಕ: ಫೈವ್, ಸಿಕ್ಸ್, ಸೆವೆನ್, ಎಯ್ಟ್. ಇಲ್ಲಿ ತ್ರಿವುಡೆ ತಾಳದ 7 ಅಕ್ಷರಕ್ಕೆ ಹೆಜ್ಜೆ ಕೂರಿಸಬೇಕು. ಎಂಟಕ್ಕೆ ಒಗ್ಗಿದ ಕಾಲು ಪ್ರತಿ ಸಲ ಒಂದು ಪೆಟ್ಟು ತಡ. ಭಾಗವತರು ತಾಳ ನಿಲ್ಲಿಸಿ, "ತಂಗೀ, ಲೆಕ್ಕ ಮಾಡೂದು ಬಿಡು, ಮದ್ದಳೆ ಕೇಳು" ಅಂದರು. ಆಮೇಲೆ ನಿಧಾನಕ್ಕೆ ಕೂತಿತು.

ಕುಂದು ಇಲ್ಲಿಯೂ ಇದೆ. ಮೈ ಕಾಯಿಸುವ ಅಭ್ಯಾಸ ಇಲ್ಲವೇ ಇಲ್ಲ. ಬಡಗುತಿಟ್ಟು ಯಕ್ಷಗಾನದ ಮಂಡಿ ಕುಣಿತವನ್ನು (ಮಂಡಿಯೂರಿ ಸುತ್ತುವುದು) ಸಿಮೆಂಟ್ ನೆಲದ ಮೇಲೆ ಚಿಕ್ಕ ಮಕ್ಕಳಿಂದಲೂ ಮಾಡಿಸುತ್ತಾರೆ. ನಾಳೆ ಆ ಮಂಡಿಗಳ ಗತಿ ಏನು? ಹೆಂಗಸರಿಗೆ ಬಟ್ಟೆ ಬದಲಿಸೋಕೆ ಬಾಗಿಲು ಸರಿಯಾಗಿ ಮುಚ್ಚದ ಉಗ್ರಾಣ. ದೂರು ಹೇಳೋಕೆ ಯಾರೂ ಇಲ್ಲ, ಹೇಳಿದರೆ "ಎಲ್ಲಾ ನಮ್ಮ ಮನೆಯವರೇ ಅಲ್ದಾ" ಅನ್ನೋ ಉತ್ತರ.

ಆದರೆ ಆಸರೆ ವಿಷಯಕ್ಕೆ ಬಂದರೆ ಇದನ್ನು ಮೀರಿಸಿದ್ದು ಇಲ್ಲ. ಉಳಿಯೋಕೆ ಊರವರ ಮನೆಗಳೇ ತೆರೆದಿದ್ದವು. ನನ್ನನ್ನು ಇಟ್ಟುಕೊಂಡ ಮನೆಯ ಅತ್ತೆ ರಾತ್ರಿ ಕಾಲಿಗೆ ಹಚ್ಚೋಕೆ ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಡುತ್ತಿದ್ದರು, ಬೆಳಿಗ್ಗೆ ಗಂಜಿ, ಮಧ್ಯಾಹ್ನ ತಂಬಳಿ. ಕೊನೆಯ ದಿನ ಕುಣಿದಾಗ ಊರಿಗೆ ಊರೇ ಕೂತು ನೋಡಿತು. ತಾಳ ತಪ್ಪಿದ ಕಡೆ ನಕ್ಕವರೂ ಅವರೇ. ಈಗ ಶಿರಸಿಯಲ್ಲಿ ಒಂದು ಶಾಲೆಯ ಹಾಲ್‌ನಲ್ಲಿ ನಾವು ಭಾನುವಾರ ಅಭ್ಯಾಸ ಮಾಡುತ್ತೇವೆ. ಬರುವವರಲ್ಲಿ ಮುಕ್ಕಾಲು ಪಾಲು ಆ ಶಿಬಿರದವರು. ಗೋಕರ್ಣದಲ್ಲಿ ಸಿಕ್ಕ ಕಾರವಾರದ ಹುಡುಗಿಯೊಬ್ಬಳು ಆಗಾಗ ಬರುತ್ತಾಳೆ. ಬೆಂಗಳೂರಿನವರು ಯಾರೂ ಇಲ್ಲ, ಅಷ್ಟು ದೂರದಿಂದ ಬರಲಿ ಅನ್ನೋದೂ ಅನ್ಯಾಯ.

ಹೊಸಬರು ಯಾರಾದರೂ ಕೇಳಿದರೆ ಮೊದಲು ಹೊನ್ನಾವರಕ್ಕೆ ಕಳಿಸುತ್ತೇನೆ, ಮಂಡಿಗೆ ಪ್ಯಾಡ್ ಕಟ್ಟಿಕೊಂಡು ಹೋಗು ಅಂತ ಹೇಳಿ. ಆಮೇಲೆ ಬೆಂಗಳೂರು. ಗೋಕರ್ಣಕ್ಕೆ ಹೋಗುವವರು ಅರ್ಜಿ ತುಂಬುವಾಗ ಅಡುಗೆ ಪಾಳಿಗೆ ಹೆಸರು ಕೊಡಿ, ಶುಲ್ಕ ಕಡಿಮೆಯಾಗುತ್ತೆ. ಕಾಯಿ ತುರಿಯೋಕೆ ಬರುತ್ತೆ ಅಂತ ಬರೆದರೆ ಇನ್ನೂ ಬೇಗ ಒಪ್ಪಿಕೊಳ್ಳುತ್ತಾರೆ.