ಸಂಕ್ರಾಂತಿಗೆ ಹೂ ಬಿಡುವ ಮೂರು ಚೀನೀ ಗಿಡಗಳು

ಇಂಗ್ಲೆಂಡಿನ ರೆಡಿಂಗ್‌ಗೆ ಬಂದ ಮೊದಲ ವರ್ಷ ಸಂಕ್ರಾಂತಿಯ ದಿನ ಹಿತ್ತಿಲಲ್ಲಿ ಒಂದೇ ಒಂದು ಹೂ ಇರಲಿಲ್ಲ. ಪ್ಲಾಸ್ಟಿಕ್ ಸುತ್ತಿದ ಅಂಗಡಿ ಗುಲಾಬಿಯನ್ನೇ ದೇವರಿಗೆ ಇಟ್ಟೆವು. ಜನವರಿಯಲ್ಲಿ ಹೂ ಬಿಡುವ ಗಿಡ ಬೇಕೇ ಬೇಕು ಅಂತ ಆಗಲೇ ಹಟ ಹುಟ್ಟಿದ್ದು. ಹುಡುಕಿದಾಗ ಮೂರು ಸಿಕ್ಕವು. ಮೂರೂ ಚೀನಾದವು, ಮೂರಕ್ಕೂ ಹಳದಿ ಹೂ, ಎಲೆ ಉದುರಿದ ಬರಿಗೊಂಬೆಯಲ್ಲೇ ಅರಳುತ್ತವೆ. 2017ರಲ್ಲಿ ಮೂರನ್ನೂ ನೆಟ್ಟೆ.

ಮೊದಲು ಹೂ ಕೊಟ್ಟಿದ್ದು ವಿಂಟರ್ ಜಾಸ್ಮಿನ್. ಜಾಸ್ಮಿನ್ ಅಂದಮೇಲೆ ಮಲ್ಲಿಗೆ, ಅಲ್ವಾ? ಆಸೆಯಿಂದ ಮೂಗು ಹತ್ತಿರ ಒಯ್ದೆ. ವಾಸನೆಯೇ ಇಲ್ಲ! ನಮ್ಮ ಮಲ್ಲಿಗೆಯ ಕುಲದ್ದೇ, ಆದರೆ ಕಂಪು ಮಾತ್ರ ಬಂದಿಲ್ಲ. ಇದನ್ನು 1844ರಲ್ಲಿ ಇಲ್ಲಿಗೆ ತಂದವರು ರಾಬರ್ಟ್ ಫಾರ್ಚೂನ್. ಮುಂದೆ ಚೀನಾದ ಚಹಾ ಗಿಡಗಳನ್ನು ಗುಟ್ಟಾಗಿ ಹಿಮಾಲಯದ ತಪ್ಪಲಿಗೆ ಸಾಗಿಸಿದ್ದೂ ಇದೇ ಮನುಷ್ಯ. ಗಿಡ ಮಾತ್ರ ಗಟ್ಟಿ. ಬಿಸಿಲು ಬೀಳದ ಉತ್ತರದ ಬೇಲಿಯಲ್ಲೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿಟ್ಟೂ ಬಿಟ್ಟೂ ಹೂ. ಬಳ್ಳಿ ಅಂತ ಮಾರುತ್ತಾರೆ, ಆದರೆ ತಾನಾಗಿ ಹತ್ತುವುದಿಲ್ಲ, ತಂತಿಗೆ ಕಟ್ಟಬೇಕು. ಒಮ್ಮೆ ಸೆಪ್ಟೆಂಬರ್‌ನಲ್ಲಿ ಸುಮ್ನೆ ಚೆಂದ ಕಾಣಲಿ ಅಂತ ಕತ್ತರಿಸಿಬಿಟ್ಟೆ. ಆ ಚಳಿಗಾಲ ಹೂವೇ ಇಲ್ಲ. ಮೊಗ್ಗು ಬರುವುದು ಆ ಬೇಸಿಗೆಯಲ್ಲಿ ಬೆಳೆದ ಕೊಂಬೆಯಲ್ಲಿ. ಹೂ ಮುಗಿದ ಕೂಡಲೇ ಕತ್ತರಿಸಬೇಕಿತ್ತು.

ಎರಡನೆಯದು ಚೀನೀ ವಿಚ್ ಹೇಝಲ್. ನೋಡಲು ಇದೇ ರಾಣಿ. ಎಸಳುಗಳು ಅರಿಶಿನ ಬಳಿದ ಶಾವಿಗೆ ಎಳೆಗಳ ಹಾಗೆ. ಹಿಮ ಬಿದ್ದರೆ ಸುರುಳಿ ಸುತ್ತಿಕೊಳ್ಳುತ್ತವೆ, ಬಿಸಿಲು ಬಂದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಕಂಪೂ ಇದೆ, ಹಿತವಾಗಿ. ಚಾರ್ಲ್ಸ್ ಮೇರೀಸ್ ಎಂಬುವರು 1879ರಲ್ಲಿ ಚೀನಾದಿಂದ ಕಳಿಸಿದ ಈ ಗಿಡ ಲಂಡನ್ ಬಳಿಯ ನರ್ಸರಿಯೊಂದರಲ್ಲಿ ಸುಮಾರು 20 ವರ್ಷ ಯಾರ ಕಣ್ಣಿಗೂ ಬೀಳದೆ ನಿಂತಿತ್ತಂತೆ. ಮೇರೀಸ್ ಆಮೇಲೆ ದರ್ಭಂಗ, ಗ್ವಾಲಿಯರ್ ಮಹಾರಾಜರ ತೋಟ ನೋಡಿಕೊಂಡರು.

ರಾಣಿಯ ಉಪಚಾರ ಮಾತ್ರ ಜಾಸ್ತಿ. ಸುಣ್ಣದ ಮಣ್ಣು ಆಗುವುದಿಲ್ಲ, ಬೇರು ಒಣಗಬಾರದು. 2022ರ ಜುಲೈನಲ್ಲಿ ಇಂಗ್ಲೆಂಡ್ 40 ಡಿಗ್ರಿ ದಾಟಿದಾಗ ಎಲೆಯಂಚೆಲ್ಲ ಸುಟ್ಟ ಹಪ್ಪಳ. ಇನ್ನೊಂದು ಕಾಟ, ಇದು ಕಸಿ ಗಿಡ. ಕಸಿ ಕಟ್ಟಲು ಬೇರಾಗಿ ಬಳಸಿದ ಬೇರೊಂದು ಗಿಡ ಕಸಿಯ ಕೆಳಗಿಂದ ಚಿಗುರುತ್ತದೆ. ಮಾರಿದ ಅಂಗಡಿಯವರು ಒಂದು ಮಾತು ಹೇಳಿರಲಿಲ್ಲ. ಎರಡು ವರ್ಷ ಆ ಚಿಗುರನ್ನೇ ಮುದ್ದಿನಿಂದ ಬೆಳೆಸಿದ್ದೆ! ಈಗ ಕಂಡ ಕೂಡಲೇ ಬುಡದಿಂದ ಕಿತ್ತು ಹಾಕುತ್ತೇನೆ.

ಮೂರನೆಯದು ವಿಂಟರ್‌ಸ್ವೀಟ್. ಚೀನಾದಲ್ಲಿ ಲಾಮೇ ಅಂತಾರೆ. ಅಲ್ಲಿ ಹೊಸ ವರ್ಷದ ಹೊತ್ತಿಗೆ ಇದರ ಕೊಂಬೆಯನ್ನು ಹೂದಾನಿಯಲ್ಲಿಟ್ಟು ಮನೆಯೊಳಗೆ ಇಡುತ್ತಾರೆ. ದಕ್ಷಿಣದ ಗೋಡೆಗೆ ಒತ್ತಿ ನೆಟ್ಟೆ, ಏಕೆಂದರೆ ಬೇಸಿಗೆಯ ಬಿಸಿಲಿಗೆ ಕೊಂಬೆ ಬಲಿಯದಿದ್ದರೆ ಹೂ ಬರುವುದಿಲ್ಲ. ಸುಣ್ಣದ ಮಣ್ಣಿಗೆ ತಕರಾರಿಲ್ಲ. ಆದರೆ ಕಾಯಿಸಿತು ನೋಡಿ! ಒಂದು ವರ್ಷ, ಎರಡು, ಐದು. ಬೇಸಿಗೆಯಲ್ಲಿ ಮರಳುಕಾಗದದಂಥ ಒರಟು ಎಲೆ, ಚಳಿಗಾಲದಲ್ಲಿ ಬೋಳು ಕಡ್ಡಿ. ಕಿತ್ತು ಹಾಕು ಅಂತ ಮನೆಯವರೆಲ್ಲ ಹೇಳಿ ಸಾಕಾದರು.

2024ರ ಜನವರಿಯಲ್ಲಿ ಹನ್ನೊಂದು ಹೂ. ಮೇಣದಲ್ಲಿ ಮಾಡಿದಂತೆ ಮಸುಕು ಹಳದಿ, ಒಳಗೆ ಕೆನ್ನೀಲಿ ಕೆಂಪು, ತಲೆ ತಗ್ಗಿಸಿ ನಿಂತಿದ್ದವು. ದೂರದಿಂದ ಕಾಣುವುದೂ ಇಲ್ಲ. ಒಂದು ಕಡ್ಡಿ ಮುರಿದು ಎಳ್ಳುಬೆಲ್ಲದ ತಟ್ಟೆಯ ಪಕ್ಕ ಇಟ್ಟೆ. ಅರ್ಧ ಗಂಟೆಯಲ್ಲಿ ಕೋಣೆಯಿಡೀ ಕಂಪು. ಯಾರು ಊದುಬತ್ತಿ ಹಚ್ಚಿದ್ದು ಅಂತ ಮಗಳು ಮಹಡಿಯಿಂದಲೇ ಕೇಳಿದಳು. ಬೀಜ ವಿಷ, ಚಿಕ್ಕ ಮಕ್ಕಳಿದ್ದರೆ ಕಾಯಿಗಳನ್ನು ತೆಗೆದುಬಿಡಿ.

ಜಾಗ ಒಂದೇ ಗಿಡಕ್ಕೆ, ಬಿಸಿಲಿನ ಗೋಡೆಯೂ ಇದೆ ಅಂದರೆ ನಾನು ವಿಂಟರ್‌ಸ್ವೀಟನ್ನೇ ನೆಡುತ್ತೇನೆ. ಬಾಡಿಗೆ ಮನೆಯಾದರೆ ಜಾಸ್ಮಿನ್, ಅಷ್ಟು ವರ್ಷ ಕಾಯಲು ಯಾರಿಗೆ ಸಾಧ್ಯ? ವಿಚ್ ಹೇಝಲ್ ಇನ್ನೂ ಹಿತ್ತಿಲಲ್ಲೇ ಇದೆ. ಬೇಸಿಗೆ ಬಂದರೆ ಅದಕ್ಕೆ ಬಕೆಟ್ ಹೊರುವುದು ನನಗೆ ತಪ್ಪಿದ್ದಲ್ಲ.